ಓಟಿನ ಚೀಟಿಯ ಮೇಲಣ ಪ್ರಶ್ನೆ



ನಮ್ಮ ನೆರೆಯಲ್ಲಿ ವಾಸವಾಗಿರುವ ವೃದ್ಧ ಮಿತ್ರರೊಬ್ಬರು ಹೊಗೆಸೊಪ್ಪಿನ ಪರಮ ವೈರಿಗಳು. ಅವರ ಮನೆಯ ಜಗಲಿಯ ಮೇಲೆ ಕುಳಿತು ನಶ್ಯದ ಡಬ್ಬಿಯನ್ನು ತೆರೆಯುವ ಧೈರ್ಯ ನಮ್ಮ ಬೀದಿಯಲ್ಲಿ ಯಾರಿಗೂ ಇಲ್ಲ. ಅವರ ಮಗಳು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಬಹುಕಾಲದಿಂದ ನೆಲಸಿ, ಅಲ್ಲಿಯ ಪೌರತ್ವವನ್ನೂ ಪಡೆದಿದ್ದಾಳೆ. 2018ನೆಯ ವರ್ಷದ ಮೇ ತಿಂಗಳ ಕೊನೆಯಲ್ಲಿ ಆಕೆ ತಂದೆಯೊಡನೆ ಟೆಲಿಫೋನಿನಲ್ಲಿ ಮಾತನಾಡುತ್ತ, "ಅಪ್ಪಾ, ಜೂನ್ 5ಕ್ಕೆ ಇಲ್ಲಿ ಓಟು. ಹಣ್ಣಿನ ರುಚಿ, ಪುದೀನದ ರುಚಿ ಸೇರಿಸಿದ ಹೊಗೆಸೊಪ್ಪಿನ ಪದಾರ್ಥಗಳ ವಿಷಯವಾಗಿ ನಗರಸಭೆಯವರು ಮಾಡಿದ ಒಂದು ಕಟ್ಟಳೆಯನ್ನು ಜನರ ಮುಂದಿಟ್ಟಿದ್ದಾರೆ. ನೀನಾಗಿದ್ದರೆ ಏನೆಂದು ಹಾಕುತ್ತಿದ್ದೆ?" ಎಂದು ಕೇಳಿದಳಂತೆ. ಮಿತ್ರರು ಒಂದು ಕ್ಷಣವೂ ಯೋಚಿಸಲಿಲ್ಲ. "ಹೊಗೆಸೊಪ್ಪೇ? ಬೇಡವೆಂದು ಹಾಕು!" ಎಂದರು.

ಮಗಳು ತಂದೆಯ ಮಾತನ್ನು ಶಿರಸಾವಹಿಸಿ ನಡೆಸಿದ್ದರೆ, ಹೊಗೆಸೊಪ್ಪಿನ ವ್ಯಾಪಾರಿಗಳಿಗೆ ಒಂದು ಓಟು ಲಾಭವಾಗುತ್ತಿತ್ತು.

ಹೇಗೆಂದರೆ, 2017ರಲ್ಲಿ ಆ ನಗರದ ಸಭೆಯು ರುಚಿಗಟ್ಟಿದ ಹೊಗೆಸೊಪ್ಪಿನ ಮಾರಾಟವನ್ನು ನಿಷೇಧಿಸುವ ಕಟ್ಟಳೆಯನ್ನು ಅಂಗೀಕರಿಸಿತು. ಅಲ್ಲಿಯ ಕಾನೂನಿನಂತೆ, ಇಂಥ ಕಟ್ಟಳೆ ಜಾರಿಗೆ ಬರುವ ಮೊದಲೇ ನಿಗದಿಯಾದ ಸಂಖ್ಯೆಯ ಮತದಾರರು ರುಜು ಮಾಡಿ ಅರ್ಜಿಯನ್ನು ಸಲ್ಲಿಸಿದರೆ, ಅದು ತಡೆದು ನಿಲ್ಲುತ್ತದೆ. ಸಭೆಯು ತಾನಾಗಿ ಅದನ್ನು ಹಿಂದೆಗೆದುಕೊಳ್ಳಬೇಕು, ಇಲ್ಲವೇ ಜನರ ಓಟಿಗೆ ಬಿಡಬೇಕು. ಒಂದು ದೊಡ್ಡ ಹೊಗೆಸೊಪ್ಪಿನ ಕಂಪನಿಯ ದ್ರವ್ಯಬಲದಿಂದ ಆ ರುಜುಗಳು ಸಂಗ್ರಹವಾದುವು. ಆದರೆ ಓಟಿನ ಚೀಟಿಯ ಮೇಲೆ ಬಂದ ಪ್ರಶ್ನೆ "ಹೊಗೆಸೊಪ್ಪು ಬೇಕೇ" ಎಂಬುದಲ್ಲ; ಆ ನಿಷೇಧ ಇರಬೇಕೇ ಎಂಬುದು. ಆದುದರಿಂದ ಹೊಗೆಸೊಪ್ಪು ಬೇಡವೆನ್ನುವವರು "ಹೌದು" ಎನ್ನಬೇಕು. ಬೇಕೆನ್ನುವವರು "ಅಲ್ಲ" ಎನ್ನಬೇಕು. ಓಟು ಮಾಡಿದವರಲ್ಲಿ ನೂರಕ್ಕೆ ಸುಮಾರು 68 ಮಂದಿ "ಹೌದು" ಎಂದರು, ನಿಷೇಧ ಉಳಿಯಿತು. ನಮ್ಮ ಮಿತ್ರರು ಮಾತ್ರ, ಅಲ್ಲಿ ಓಟಿಲ್ಲದವರಾದರೂ, ತಮ್ಮ ಓಟನ್ನು ಶತ್ರುವಿಗೆ ಕೊಟ್ಟೆವೆಂಬ ಪಶ್ಚಾತ್ತಾಪದಿಂದ ಆ ದಿನ ಸಂಜೆ ನಮ್ಮಲ್ಲಿಗೆ ಬಂದರು. ಈ ಭಾಷಣವು ಅಂದಿನ ಮಾತುಕತೆಯಿಂದ ಹುಟ್ಟಿದುದು.

ನಮ್ಮ ದೇಶದ ಪುರಸಭೆಯ ಚುನಾವಣೆಗಳಲ್ಲಿ ನಾವು ಹೆಸರಿಗೆ ಓಟು ಕೊಡುತ್ತೇವೆ, ವಿಷಯಕ್ಕೆ ಕೊಡುವುದಿಲ್ಲ. ಉಮೇದುವಾರರು ಬರುತ್ತಾರೆ, ಕೈಮುಗಿಯುತ್ತಾರೆ, ಅವರ ಗುರುತನ್ನು ನೆನಪಿಟ್ಟುಕೊಂಡು ಗುಂಡಿಯನ್ನೊತ್ತಿ ಬರುತ್ತೇವೆ. ಆಮೇಲೆ ಯಾವ ರಸ್ತೆಗೆ ಎಷ್ಟು ಹಣ, ಯಾವ ಕೆರೆಗೆ ಯಾವ ಗತಿ ಎಂಬುದನ್ನು ಅವರೇ ನಿಷ್ಕರ್ಷಿಸತಕ್ಕದ್ದು. ಅಮೆರಿಕದ ಅನೇಕ ನಗರಗಳಲ್ಲಿಯೂ ಸ್ವಿಟ್ಜರ್ಲೆಂಡಿನಲ್ಲಿಯೂ ಇದಕ್ಕೆ ಮೇಲೆ ಇನ್ನೊಂದು ಪದ್ಧತಿಯುಂಟು. ನಗರವು ಸಾಲ ತೆಗೆಯುವುದಾದರೆ, ತೆರಿಗೆಯನ್ನು ಏರಿಸುವುದಾದರೆ, ತನ್ನ ಆಡಳಿತದ ರಚನೆಯನ್ನೇ ಬದಲಾಯಿಸುವುದಾದರೆ, ಆ ಪ್ರಶ್ನೆಯನ್ನು ಓಟಿನ ಚೀಟಿಯ ಮೇಲೆ ಅಚ್ಚು ಹಾಕಿ, ಹೌದು ಅಥವಾ ಅಲ್ಲ ಎಂದು ಜನರಿಂದಲೇ ಉತ್ತರ ಪಡೆಯುತ್ತಾರೆ. ಅಮೆರಿಕದ ನಗರಗಳಲ್ಲಿ ಜನರೇ ಅರ್ಜಿಯ ಮೂಲಕ ಕಾನೂನನ್ನು ಸೂಚಿಸುವ ಹಕ್ಕನ್ನು ತಮ್ಮ ಸನ್ನದಿನಲ್ಲಿ ಮೊದಲು ಬರೆದುಕೊಂಡವು ಸ್ಯಾನ್ ಫ್ರಾನ್ಸಿಸ್ಕೋ ಮತ್ತು ಅದರ ನೆರೆಯ ವಲೇಹೋ. ಅದು 1898ನೆಯ ಇಸವಿ.

ಹಕ್ಕು ದೊಡ್ಡದು, ಅದರ ಭಾರವೂ ಸಣ್ಣದಲ್ಲ. 2016ರ ನವೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮತದಾರನ ಮುಂದೆ ಆ ಪ್ರಾಂತದ 17 ಪ್ರಶ್ನೆಗಳೂ, ಸ್ಥಳೀಯವಾದ 25 ಪ್ರಶ್ನೆಗಳೂ ಬಂದು ನಿಂತುವು. ಅಧ್ಯಕ್ಷರ ಚುನಾವಣೆಯೂ ಅಂದೇ. ದಿನವಿಡೀ ದುಡಿದು ಬಂದು, ಮಕ್ಕಳಿಗೆ ಊಟಕ್ಕಿಟ್ಟು, 42 ಕಾನೂನುಗಳ ಮೇಲೆ ತೀರ್ಪು ಕೊಡುವ ನ್ಯಾಯಾಧೀಶನಾಗಬೇಕೆಂದರೆ ಸಾಮಾನ್ಯನ ಗತಿಯೇನು? ತಿಳಿಯದವನು ಒಂದೋ ಆ ಭಾಗವನ್ನು ಖಾಲಿ ಬಿಡುತ್ತಾನೆ, ಇಲ್ಲವೇ "ಗೊತ್ತಿಲ್ಲದ್ದು ಏಕೆ" ಎಂದು ಅಲ್ಲವೆನ್ನುತ್ತಾನೆ, ಇಲ್ಲವೇ ಬಾಗಿಲಿಗೆ ಬಂದ ಚೀಟಿಯಲ್ಲಿ ಯಾವ ಮಾತು ದಪ್ಪ ಅಕ್ಷರದಲ್ಲಿದೆಯೋ ಅದನ್ನು ನಂಬುತ್ತಾನೆ. ಪ್ರಶ್ನೆ ಕೇಳುವುದು ಒಂದು ಕೆಲಸವಾದರೆ, ಕೇಳಿದುದು ಏನೆಂದು ತಿಳಿಸುವುದು ಬೇರೆಯದೇ ಆದ ಇನ್ನೊಂದು ಕೆಲಸ. ಮೊದಲನೆಯದನ್ನು ಮಾಡಿ ಎರಡನೆಯದನ್ನು ಬಿಟ್ಟ ನಗರವು ಜನರ ಅಭಿಪ್ರಾಯವನ್ನು ಕೇಳಿದಂತೆಯೇ ಅಲ್ಲವೆಂದು ನಮ್ಮ ಅಭಿಪ್ರಾಯ.

ಮಿತ್ರರ ಮಗಳು ದಾರಿ ತಪ್ಪದಿದ್ದುದಕ್ಕೆ ಕಾರಣ ಆಕೆಯ ಮನೆಗೆ ಅಂಚೆಯಲ್ಲಿ ಬಂದಿದ್ದ ಒಂದು ಪುಸ್ತಕ. ಮರುವರ್ಷ ಆಕೆ ಊರಿಗೆ ಬಂದಾಗ ಅದನ್ನು ತಂದು ನಮಗೆ ತೋರಿಸಿದಳು. ನಗರದ ಚುನಾವಣೆಯ ಇಲಾಖೆಯವರು ಪ್ರತಿ ಚುನಾವಣೆಗೂ ಮುಂಚೆ ಇಂಥದೊಂದನ್ನು ಮತದಾರರಿಗೆ ಕಳುಹಿಸುತ್ತಾರೆ. ನೋಡುವುದಕ್ಕೆ ಏನೂ ಚೆಂದವಿಲ್ಲ. ರೈಲ್ವೆ ಕಾಲಸೂಚಿಯ ಕಾಗದ, ಪಂಚಾಂಗದ ಅಕ್ಷರ. ಆದರೆ ಅದರೊಳಗಿನ ಕ್ರಮವು ಗಮನಾರ್ಹವಾದುದು. ಪ್ರತಿಯೊಂದು ಪ್ರಶ್ನೆಗೂ ನಾಲ್ಕು ತಲೆಬರಹಗಳು. ಈಗ ಇರುವ ಸ್ಥಿತಿ ಏನು. ಈ ಸೂಚನೆ ಏನನ್ನು ಮಾಡುತ್ತದೆ. ನೀವು "ಹೌದು" ಎಂದರೆ ಅದರ ಅರ್ಥವೇನು. "ಅಲ್ಲ" ಎಂದರೆ ಅದರ ಅರ್ಥವೇನು. ಇಷ್ಟೇ. ಇಂಥ ಸಾರಾಂಶವು ಸಾಮಾನ್ಯವಾಗಿ 300 ಮಾತುಗಳನ್ನು ಮೀರಕೂಡದು. ಎಂಟನೆಯ ತರಗತಿಯ ಹುಡುಗನಿಗೆ ಅರ್ಥವಾಗುವ ಮಟ್ಟಕ್ಕೆ ಸಾಧ್ಯವಾದಷ್ಟೂ ಹತ್ತಿರವಿರಬೇಕು. ಇದನ್ನು ಬರೆಯುವುದಕ್ಕೆ ಒಂದು ಸಣ್ಣ ಸಮಿತಿಯುಂಟು. ಅದರ ಹೆಸರೇ ಸರಳೀಕರಣ ಸಮಿತಿ. ಕಾನೂನಿನ ಭಾಷೆಯನ್ನು ಮನುಷ್ಯರ ಭಾಷೆಗೆ ತರುವುದೊಂದೇ ಅದರ ಕರ್ತವ್ಯ. ಸಭೆ ಬಾಗಿಲು ತೆರೆದು ನಡೆಯುತ್ತದೆ. ಪರವಾದವರೂ ವಿರೋಧವಾದವರೂ ಬಂದು, ಈ ಮಾತು ಒಂದು ಕಡೆಗೆ ವಾಲುತ್ತದೆ, ಆ ಮಾತು ಮುಖ್ಯ ಅಂಶವನ್ನು ಮುಚ್ಚುತ್ತದೆ ಎಂದು ಆಕ್ಷೇಪಿಸಬಹುದು. ಒಂದೊಂದು ಕ್ರಿಯಾಪದಕ್ಕಾಗಿ ಗಂಟೆಗಟ್ಟಲೆ ವಾದ ನಡೆಯುವುದುಂಟಂತೆ. ವ್ಯಾಕರಣದ ಪಂಡಿತರಿಗೆ ಇದಕ್ಕಿಂತ ಪ್ರಯೋಜನಕರವಾದ ಉದ್ಯೋಗ ಬೇರೆ ಇರಲಾರದೆಂದು ನಮಗೆ ತೋರುತ್ತದೆ.

ಆ ಸಾರಾಂಶದ ಜೊತೆಗೆ ನಗರದ ಲೆಕ್ಕಾಧಿಕಾರಿಯ ಒಂದು ಹೇಳಿಕೆಯೂ ಇರುತ್ತದೆ: ಇದು ನಡೆದರೆ ನಗರದ ಬೊಕ್ಕಸಕ್ಕೆ ಎಷ್ಟು ತಗಲುತ್ತದೆ ಎಂಬ ಲೆಕ್ಕ. ಇದರ ಬೆಲೆ ಸಾಲದ ಪ್ರಶ್ನೆ ಬಂದಾಗ ಗೊತ್ತಾಗುತ್ತದೆ. 2022ರ ಜೂನ್ ತಿಂಗಳಿನಲ್ಲಿ ಆ ನಗರದವರು ತಮ್ಮ ಬಸ್ಸು ಟ್ರಾಮುಗಳ ದುರಸ್ತಿಗೂ ರಸ್ತೆಗಳ ಕ್ಷೇಮಕ್ಕೂ 40 ಕೋಟಿ ಡಾಲರುಗಳ ಸಾಲಪತ್ರಗಳನ್ನು ಹೊರಡಿಸಬೇಕೆಂದು ಪ್ರಶ್ನೆಯನ್ನಿಟ್ಟರು. ನೂರಕ್ಕೆ 65 ಮಂದಿ ಒಪ್ಪಿದರು. ಆದರೂ ಪ್ರಶ್ನೆ ಬಿದ್ದುಹೋಯಿತು. ಏಕೆಂದರೆ ಅಲ್ಲಿ ಇಂಥ ಸಾಲಕ್ಕೆ ಮೂರರಲ್ಲಿ ಎರಡು ಪಾಲು ಮಂದಿಯ ಒಪ್ಪಿಗೆ ಬೇಕು. ಅರ್ಧಕ್ಕಿಂತ ಒಂದು ಹೆಚ್ಚಾದರೆ ಸಾಲದು. ಈ ಕಟ್ಟು ಗೊತ್ತಿಲ್ಲದವನು, "ಹೇಗೂ ಗೆಲ್ಲುತ್ತದೆ, ನಾನೊಬ್ಬ ಹೋಗದಿದ್ದರೇನು" ಎಂದು ಮನೆಯಲ್ಲಿ ಕುಳಿತಿರಬಹುದಷ್ಟೆ. ಇನ್ನೊಂದು ಸಂಗತಿ. ಸಾಲ ತೀರಿಸುವುದು ಮನೆಕಂದಾಯದಿಂದ. ಬಾಡಿಗೆಯ ಮನೆಯಲ್ಲಿರುವವನು, "ಕಂದಾಯ ಮಾಲೀಕನದು, ನನಗೇನು" ಎಂದುಕೊಳ್ಳುವುದು ಸಹಜ. ಆದರೆ ಆ ನಗರದ ನಿಯಮದಂತೆ ಹೀಗೆ ಏರಿದ ಕಂದಾಯದಲ್ಲಿ ಅರ್ಧದವರೆಗೆ ಮಾಲೀಕನು ಬಾಡಿಗೆದಾರನ ಮೇಲೆ ಹೊರಿಸಬಹುದು. ಇದನ್ನು ಪುಸ್ತಕದಲ್ಲಿ ಸ್ಪಷ್ಟವಾಗಿ ಅಚ್ಚು ಹಾಕಿರುತ್ತಾರೆ. ಹೀಗೆ ಹೇಳಿದುದರಿಂದ ಕೆಲವು ಓಟುಗಳು ಸಾಲಕ್ಕೆ ವಿರೋಧವಾಗಿ ಹೋಗಿರಬಹುದು, ಹೋಗಲಿ. ಹೇಳದೆ ಗಳಿಸಿದ ಓಟಿಗಿಂತ ಹೇಳಿ ಕಳೆದುಕೊಂಡ ಓಟೇ ನಗರಕ್ಕೆ ಮೇಲು.

ಹಣದ ವಿಷಯದಲ್ಲಿ ಕೊಲೊರಾಡೋ ಪ್ರಾಂತದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. 1992ರಲ್ಲಿ ಅವರು ತಮ್ಮ ರಾಜ್ಯಾಂಗದಲ್ಲಿ ಸೇರಿಸಿಕೊಂಡ ವಿಧಿಯಂತೆ, ತೆರಿಗೆಯನ್ನು ಏರಿಸುವ ಪ್ರಶ್ನೆಯು "ತೆರಿಗೆಯನ್ನು ವರ್ಷಕ್ಕೆ ಇಷ್ಟು ಡಾಲರು ಏರಿಸಬಹುದೇ" ಎಂಬ ಮಾತಿನಿಂದಲೇ ಪ್ರಾರಂಭವಾಗಬೇಕು. ಶಾಲೆಯ ಮಾತು, ಆಸ್ಪತ್ರೆಯ ಮಾತು, ಮಕ್ಕಳ ಭವಿಷ್ಯದ ಮಾತು ಎಲ್ಲವೂ ಆಮೇಲೆ. ಸಾಲವಾದರೆ ಅಸಲನ್ನಷ್ಟೇ ಹೇಳಿದರೆ ಸಾಲದು. ಬಡ್ಡಿ ಸೇರಿ ತೀರಿಸಬೇಕಾದ ಒಟ್ಟು ಮೊತ್ತವನ್ನೂ ಪ್ರಶ್ನೆಯಲ್ಲಿಯೇ ಬರೆಯಬೇಕು. ಅಲ್ಲದೆ ಓಟಿಗೆ 30 ದಿನಗಳಿಗೆ ಕಡಮೆಯಿಲ್ಲದಂತೆ ಮತದಾರರ ಮನೆಗಳಿಗೆ ತಿಳಿವಳಿಕೆಯ ಪತ್ರ ಹೋಗಬೇಕು. ಅದರಲ್ಲಿ ಜನರು ಬರೆದು ಕಳುಹಿಸಿದ ಅಭಿಪ್ರಾಯಗಳ ಸಾರವಾಗಿ ಪರವಾಗಿ ಒಂದು, ವಿರೋಧವಾಗಿ ಒಂದು, ತಲಾ 500 ಮಾತುಗಳಿಗೆ ಮೀರದ ಟಿಪ್ಪಣಿಗಳಿರಬೇಕು. ಕೊಡುವ ಹಣವನ್ನು ಮೊದಲು ಹೇಳುವುದು ಪ್ರಾಮಾಣಿಕವಾದ ಕ್ರಮವೇ. ಆದರೆ ಔಷಧವನ್ನು ಕುಡಿಸುವ ಮುಂಚೆ ಅದರ ಬೆಲೆಯನ್ನು ಮೂರು ಸಲ ಕೂಗಿ ಹೇಳಿದರೆ ರೋಗಿಯು ಬಾಯಿ ಮುಚ್ಚಿಕೊಳ್ಳುವನಲ್ಲದೆ ಮತ್ತೇನು? ಪ್ರಶ್ನೆಯ ಮೊದಲ ಮಾತಿಗೆ ಇರುವ ಬಲವು ಅದರ ಉಳಿದ ಹತ್ತು ಮಾತುಗಳಿಗಿಲ್ಲ. ಇದನ್ನು ಅಲ್ಲಿಯವರು ತಿಳಿದೇ ಹಾಗೆ ಬರೆದರೆಂದು ನಾವು ಊಹಿಸುತ್ತೇವೆ.

ಈಗ ನಮ್ಮ ಕೋಲಾರದ ಕಡೆಯ ಶ್ರೋತೃಗಳು ಸ್ವಲ್ಪ ಕಿವಿಗೊಡಬೇಕು. ಆರೆಗನ್ ಪ್ರಾಂತದ ಪೋರ್ಟ್‌ಲೆಂಡ್ ನಗರಕ್ಕೆ ಬುಲ್ ರನ್ ಎಂಬ ಕಾಡಿನ ಹೊಳೆಯಿಂದ ನೀರು ಬರುತ್ತದೆ. ಮಕ್ಕಳ ಹಲ್ಲು ಹುಳುಕಾಗದಿರಲೆಂದು ಆ ನೀರಿಗೆ ಫ್ಲೋರೈಡನ್ನು ಸೇರಿಸಬೇಕೆಂದು 2012ರ ಸೆಪ್ಟೆಂಬರಿನಲ್ಲಿ ನಗರಸಭೆಯು ಸರ್ವಾನುಮತದಿಂದ ತೀರ್ಮಾನಿಸಿತು. ವಿರೋಧಿಗಳು ರುಜು ಸಂಗ್ರಹಿಸಿದರು. 2013ರ ಮೇ 21ರಂದು ಓಟಾಯಿತು. ನೂರಕ್ಕೆ ಸುಮಾರು 60 ಮಂದಿ ಬೇಡವೆಂದರು. ಆ ನಗರದಲ್ಲಿ ಇದು ಹೊಸ ಜಗಳವಲ್ಲ. 1956ರಲ್ಲಿ ಬೇಡವೆಂದಿದ್ದರು, 1962ರಲ್ಲಿ ಬೇಡವೆಂದಿದ್ದರು, 1978ರಲ್ಲಿ ಬೇಕೆಂದು, 1980ರಲ್ಲಿ ಮತ್ತೆ ಬೇಡವೆಂದಿದ್ದರು.

ಈ ಪ್ರಶ್ನೆ ನಮ್ಮ ಬಾಗೇಪಲ್ಲಿಯಲ್ಲಿಯೋ ಪಾವಗಡದಲ್ಲಿಯೋ ಹುಟ್ಟಿ, ಅಲ್ಲಿಂದ ಹೋಗಿ ಪೋರ್ಟ್‌ಲೆಂಡಿನಲ್ಲಿ ನೆಲಸಿದವರೊಬ್ಬರ ಮುಂದೆ ಬಂದಿತೆಂದು ಭಾವಿಸೋಣ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಸೀಮೆಗಳಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡು ಅತಿಯಾಗಿರುವ ಗ್ರಾಮಗಳು ಅನೇಕ. ಅದನ್ನು ಕುಡಿದು ಹಲ್ಲು ಕಂದು ಕಟ್ಟಿದ ಮಕ್ಕಳನ್ನೂ, ಮೂಳೆ ಬಿಗಿದು ಬಗ್ಗಲಾರದ ಮುದುಕರನ್ನೂ ನಾವು ಕಣ್ಣಾರೆ ಕಂಡಿದ್ದೇವೆ. ಫ್ಲೋರೈಡೆಂಬ ಶಬ್ದವು ಅಂಥವರ ಕಿವಿಗೆ ವಿಷವೆಂದೇ ಕೇಳಿಸುತ್ತದೆ. ಅದನ್ನು ನೀರಿಗೆ ಬೇಕೆಂದೇ ಸೇರಿಸುವರೆಂದರೆ ಅವರು ಬೆಚ್ಚಿಬೀಳದೆ ಇರುತ್ತಾರೆಯೇ? ಆದರೆ ಪೋರ್ಟ್‌ಲೆಂಡಿನವರು ಸೇರಿಸಬೇಕೆಂದಿದ್ದುದು ಒಂದು ಲೀಟರಿಗೆ 0.7 ಮಿಲಿಗ್ರಾಂ. ಕುಡಿಯುವ ನೀರಿಗೆ ನಮ್ಮ ದೇಶವು ಇಟ್ಟಿರುವ ಅಳತೆಯಲ್ಲಿ 1 ಮಿಲಿಗ್ರಾಂ ಒಪ್ಪತಕ್ಕದ್ದು. ಬೇರೆ ನೀರು ದೊರೆಯದ ಪಕ್ಷದಲ್ಲಿ 1.5ರವರೆಗೆ ಸಹಿಸತಕ್ಕದ್ದು. ನಮ್ಮ ಆ ಗ್ರಾಮಗಳ ಕಷ್ಟವು ಈ ಮಿತಿಯನ್ನು ಮೀರಿದುದರಿಂದ ಬಂದುದು. ಒಂದೇ ಶಬ್ದ, ಪ್ರಮಾಣ ಬೇರೆ. ಇದನ್ನು ತಿಳಿದ ಮೇಲೆಯೂ ಒಬ್ಬನು, "ನನ್ನ ನೀರಿಗೆ ಏನನ್ನೂ ಬೆರಸಬೇಡಿ, ಹಲ್ಲಿನ ಯೋಚನೆ ನನಗಿರಲಿ" ಎಂದು ವಿರೋಧಿಸಬಹುದು. ಅದು ಯುಕ್ತವಾದ ವಾದವೇ, ಅದಕ್ಕಾಗಿಯೇ ಅನೇಕರು ಹಾಗೆ ಓಟು ಮಾಡಿದರು. ಪ್ರಮಾಣವನ್ನು ಕೇಳದೆ, ಹೆಸರಿಗೆ ಹೆದರಿ ವಿರೋಧಿಸಿದವನ ಓಟು ಮಾತ್ರ ಅವನದಲ್ಲ. ಅದು ಅವನ ಊರ ಬಾವಿಯದು. ಅಂಥವನಿಗೆ ಆ ಎರಡು ಅಂಕೆಗಳನ್ನು ಪಕ್ಕಪಕ್ಕದಲ್ಲಿ ಬರೆದು ತೋರಿಸುವವರು ಯಾರು?

ಇಲ್ಲಿ ಒಂದು ಕಷ್ಟವಿದೆ. ತಿಳಿಸುವವನು ತಿಳಿಸುತ್ತ ತಿಳಿಸುತ್ತ ಓಟನ್ನೇ ಕೇಳತೊಡಗುತ್ತಾನೆ. ನಮ್ಮ ಮಿತ್ರರೇ ಅಂದಿನ ಸಂಜೆ, "ಮಗಳಿಗೆ ಈಗಲೇ ಮತ್ತೆ ಹೇಳಿ ಹೌದೆಂದು ಹಾಕಿಸುತ್ತೇನೆ" ಎಂದು ಎದ್ದರು. ನಾವು ಅವರನ್ನು ಕೂರಿಸಿ, ಆಕೆಗೆ ಹೌದಿನ ಅರ್ಥವನ್ನೂ ಅಲ್ಲದ ಅರ್ಥವನ್ನೂ ಹೇಳಿ ಬಿಡಿ, ಉಳಿದುದು ಆಕೆಯದು ಎಂದೆವು. ಅವರಿಗೆ ಇದು ರುಚಿಸಲಿಲ್ಲ. ಸತ್ಯ ಗೊತ್ತಿದ್ದೂ ಅರ್ಧ ಹೇಳುವುದು ಯಾವ ನ್ಯಾಯ ಎಂದರು. ಅವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಅಮೆರಿಕದಲ್ಲಿ ಸ್ತ್ರೀಯರಿಗೆ ದೇಶಾದ್ಯಂತ ಓಟು ದೊರೆತ 1920ನೆಯ ವರ್ಷವೇ ಸ್ಥಾಪಿತವಾದ ಮಹಿಳಾ ಮತದಾರರ ಸಂಘವು ಈ ಕಷ್ಟಕ್ಕೆ ಒಂದು ಉಪಾಯವನ್ನು ಕಂಡುಕೊಂಡಿದೆ. ಉಮೇದುವಾರರಲ್ಲಿ ಯಾರನ್ನೂ ಅದು ಬೆಂಬಲಿಸುವುದಿಲ್ಲ. ಪ್ರಶ್ನೆಗಳ ವಿಷಯದಲ್ಲಿ ಎರಡು ಪಕ್ಷಗಳ ವಾದವನ್ನೂ ಸಮನಾಗಿ ಬರೆದ ಪತ್ರಿಕೆಯನ್ನು ಹಂಚುತ್ತದೆ. ತನ್ನ ಸ್ವಂತ ಅಭಿಪ್ರಾಯವಿದ್ದರೆ ಅದನ್ನು ಬೇರೆಯಾಗಿಯೇ ಪ್ರಕಟಿಸುತ್ತದೆ. ಎರಡನ್ನೂ ಒಂದೇ ಹಾಳೆಯಲ್ಲಿ ಬೆರಸುವುದಿಲ್ಲ. ಆರೆಗನ್ನಿನವರು 2010ರಿಂದ ಇನ್ನೊಂದು ಪ್ರಯೋಗವನ್ನು ಮಾಡಿದರು. ಚೀಟಿಯೆತ್ತಿದಂತೆ ಆರಿಸಿದ ಇಪ್ಪತ್ತು ಇಪ್ಪತ್ತನಾಲ್ಕು ಮಂದಿ ಸಾಮಾನ್ಯ ಮತದಾರರನ್ನು, ಪಂಚಾಯಿತರಂತೆ ಕೆಲವು ದಿನ ಒಂದೆಡೆ ಕೂರಿಸಿ, ಎರಡೂ ಪಕ್ಷದವರನ್ನು ಕರಸಿ ಅಡ್ಡಪ್ರಶ್ನೆ ಹಾಕಿಸಿ, ಅವರು ಕಂಡುಕೊಂಡುದನ್ನು ಒಂದು ಪುಟವಾಗಿ ಎಲ್ಲ ಮತದಾರರ ಪುಸ್ತಕದಲ್ಲಿ ಅಚ್ಚು ಹಾಕಿಸುವುದು. ಪಕ್ಷದವನ ಮಾತಿಗಿಂತ ನೆರೆಮನೆಯವನ ಮಾತನ್ನು ಜನ ನಂಬುತ್ತಾರೆಂಬ ಲೋಕಾನುಭವವೇ ಇದಕ್ಕೆ ತಳಹದಿ.

ಇಂಥದು ನಮ್ಮ ಕಡೆ ಎಂದೂ ನಡೆದಿಲ್ಲವೆಂದು ಹೇಳುವಂತಿಲ್ಲ. ಕಾರವಾರದಿಂದ ಕಾಳೀನದಿಯನ್ನು ದಾಟಿ ಕೆಲವು ಮೈಲಿ ಹೋದರೆ ಗೋವೆಯ ಎಲ್ಲೆ. 1967ರ ಜನವರಿ 16ರಂದು ಅಲ್ಲಿಯ ಜನರ ಮುಂದೆ ಒಂದು ಪ್ರಶ್ನೆಯನ್ನಿಟ್ಟರು: ಗೋವೆಯು ಮಹಾರಾಷ್ಟ್ರದಲ್ಲಿ ಸೇರಬೇಕೇ, ಕೇಂದ್ರಾಡಳಿತದ ಪ್ರದೇಶವಾಗಿಯೇ ಉಳಿಯಬೇಕೇ? ಅಕ್ಷರ ಬಾರದವರ ಸಂಖ್ಯೆ ಅಂದು ದೊಡ್ಡದಾಗಿದ್ದುದರಿಂದ ಎರಡು ಗುರುತುಗಳನ್ನು ಗೊತ್ತುಮಾಡಿದರು. ಹೂವೆಂದರೆ ಸೇರುವುದು, ಎರಡೆಲೆಯೆಂದರೆ ಬೇರೆಯಾಗಿ ಉಳಿಯುವುದು. ಇಲ್ಲಿ ಹೌದು ಅಲ್ಲಗಳ ಗೊಂದಲವೇ ಇಲ್ಲ; ಎರಡೂ ಒಂದೊಂದು ಬಯಕೆಯೇ. ವಿಲೀನದ ಪಕ್ಷದವರಾದ ಮುಖ್ಯಮಂತ್ರಿ ದಯಾನಂದ ಬಾಂದೋಡಕರರು, ಓಟು ನಿಷ್ಪಕ್ಷಪಾತವಾಗಿ ನಡೆಯಬೇಕೆಂಬ ಕಾರಣದಿಂದ, ಮುಂಚಿತವಾಗಿ ಅಧಿಕಾರವನ್ನು ಬಿಟ್ಟುಕೊಟ್ಟರು. ವೃತ್ತಪತ್ರಿಕೆಗಳೂ ಹಾಡುಗಾರರೂ ಊರೂರು ತಿರುಗಿ ಹೂವಿನ ಅರ್ಥವನ್ನೂ ಎಲೆಯ ಅರ್ಥವನ್ನೂ ಮನೆಮನೆಗೆ ಮುಟ್ಟಿಸಿದರು. ಎರಡೆಲೆಗೆ 1,72,191 ಓಟುಗಳೂ ಹೂವಿಗೆ 1,38,170 ಓಟುಗಳೂ ಬಂದುವು. ವ್ಯತ್ಯಾಸ 34,021. ಸೋತ ಪಕ್ಷದವರಿಗೂ ತಾವು ಸೋತುದು ಯಾವುದರಲ್ಲಿ ಎಂಬ ವಿಷಯದಲ್ಲಿ ಸಂದೇಹವಿರಲಿಲ್ಲ. ಓದು ಬಾರದ ಮುದುಕಿಗೂ ಪ್ರಶ್ನೆ ತಿಳಿದಿತ್ತೆಂದರೆ, ಓದಿದವರ ನಗರಗಳಲ್ಲಿ ಅದು ಅಸಾಧ್ಯವೆನ್ನುವುದು ಹೇಗೆ?

ಜನರಿಗೆ ದೊಡ್ಡ ಯೋಜನೆಗಳು ಅರ್ಥವಾಗುವುದಿಲ್ಲ, ಅವರನ್ನು ಕೇಳಿದರೆ ಯಾವುದೂ ನಡೆಯುವುದಿಲ್ಲ ಎಂಬ ಆಕ್ಷೇಪಣೆಯನ್ನು ನಾವು ಅನೇಕ ವಿದ್ಯಾವಂತರ ಬಾಯಿಂದ ಕೇಳಿದ್ದೇವೆ. ಅವರಿಗೆ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಕಥೆಯನ್ನು ಹೇಳಬೇಕಾಗಿದೆ. 1962ರಲ್ಲಿ ನಗರದ ನಡುಭಾಗದ ಟ್ರಾಮುಗಳನ್ನು ನೆಲದೊಳಗೆ ಇಳಿಸುವ ಯೋಜನೆಯನ್ನು ಜನರ ಮುಂದಿಟ್ಟರು, ಜನ ಬೇಡವೆಂದರು. 1973ರಲ್ಲಿ ನೆಲದೊಳಗಿನ ರೈಲಿನ ದೊಡ್ಡ ಯೋಜನೆಯನ್ನಿಟ್ಟರು, ಅದನ್ನೂ ಬೇಡವೆಂದರು. ಇಂಜಿನಿಯರುಗಳು ತಲೆಯ ಮೇಲೆ ಕೈಹೊತ್ತು ಕುಳಿತಿರಬೇಕು. ಆದರೆ 1977ರಲ್ಲಿ, ಬೀದಿಯ ಮೇಲಿನ ಟ್ರಾಮು ಬಸ್ಸುಗಳಿಗೇ ದಾರಿ ಬಿಡಿಸಿ ಬೇಗ ಓಡುವಂತೆ ಮಾಡಲು 20 ಕೋಟಿ ಫ್ರಾಂಕುಗಳನ್ನು ವೆಚ್ಚಮಾಡಬೇಕೆಂಬ ಪ್ರಶ್ನೆ ಬಂದಾಗ, ಅದೇ ಜನ ಒಪ್ಪಿದರು. ದೀಪದ ಕಂಬವು ಟ್ರಾಮನ್ನು ಕಂಡು ಹಸುರಾಗುವಂತೆ, ಕಾರುಗಳು ಕಾಯುವಂತೆ ಏರ್ಪಾಡಾಯಿತು. 1981ರಲ್ಲಿ ಸುತ್ತಣ ಊರುಗಳನ್ನು ಕೂಡಿಸುವ ರೈಲಿಗೂ ಒಪ್ಪಿಗೆ ಕೊಟ್ಟರು. ಅದು 1990ರಲ್ಲಿ ಓಡತೊಡಗಿತು. ಎರಡು ಸಲ "ಬೇಡ" ಎಂದುದು ಮೌಢ್ಯದಿಂದಲ್ಲ. ಇದು ಬೇಡ, ಬೇರೆಯದು ತನ್ನಿ ಎಂಬ ಅರ್ಥದಿಂದ. ಕೇಳುವವರಿಗೆ ಆ ಅರ್ಥವನ್ನು ಗ್ರಹಿಸುವುದಕ್ಕೆ ಹದಿನೈದು ವರ್ಷ ಹಿಡಿಯಿತು. ನೆಲದೊಳಗಿನ ರೈಲಿಗೆಂದು ಒಂದು ಕಡೆ ಮುಂಚಿತವಾಗಿಯೇ ತೋಡಿದ್ದ ಸುರಂಗವೂ ವ್ಯರ್ಥವಾಗಲಿಲ್ಲ. 1986ರಿಂದ ಶ್ವಾಮೆಂಡಿಂಗನ್ ಪೇಟೆಗೆ ಹೋಗುವ ಟ್ರಾಮುಗಳು ಅದರೊಳಗೆ ಓಡಾಡುತ್ತಿವೆ.

ನಮ್ಮ ಬೆಂಗಳೂರಿಗೆ ಬರೋಣ. 1949ರಲ್ಲಿ ನಗರದ ಮುನಿಸಿಪಾಲಿಟಿಯನ್ನೂ ದಂಡಿನ ಮುನಿಸಿಪಾಲಿಟಿಯನ್ನೂ ಒಂದುಗೂಡಿಸಿ ಕಾರ್ಪೊರೇಷನ್ನನ್ನು ರಚಿಸಿದರು. 2007ರಲ್ಲಿ ಸುತ್ತಣ ಏಳು ನಗರಸಭೆಗಳನ್ನೂ ಒಂದು ಪುರಸಭೆಯನ್ನೂ 110 ಗ್ರಾಮಗಳನ್ನೂ ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ಮಾಡಿದರು. 2025ರಲ್ಲಿ ಅದನ್ನೇ ಐದು ಪಾಲಿಕೆಗಳಾಗಿ ಒಡೆದರು. ಈ ಮೂರರಲ್ಲಿ ಯಾವುದು ಸರಿ, ಯಾವುದು ತಪ್ಪು ಎಂಬ ವಿಮರ್ಶೆ ಇಲ್ಲಿ ನಮ್ಮದಲ್ಲ. ಮೂರು ಸಲವೂ ನಗರವಾಸಿಯ ಓಟಿನ ಚೀಟಿಯ ಮೇಲೆ ಈ ಪ್ರಶ್ನೆ ಬರಲಿಲ್ಲವೆಂಬುದಷ್ಟೇ ಇಲ್ಲಿಯ ಮಾತು. ಇದೇ ಬಗೆಯ ಕೂಡಿಕೆಯ ಪ್ರಶ್ನೆಯನ್ನು 1894ರಲ್ಲಿ ನ್ಯೂಯಾರ್ಕಿನವರು ಜನರಿಗೆ ಹಾಕಿದರು. ಆಗ ಪ್ರತ್ಯೇಕ ನಗರವಾಗಿದ್ದ ಬ್ರೂಕ್ಲಿನ್ನಿನಲ್ಲಿ ಒಂದು ಲಕ್ಷ ಇಪ್ಪತ್ತೊಂಬತ್ತು ಸಾವಿರಕ್ಕೂ ಮೀರಿದ ಓಟುಗಳಲ್ಲಿ ಕೂಡಬೇಕೆಂಬ ಪಕ್ಷಕ್ಕೆ ಬಂದ ಹೆಚ್ಚಳ ಕೇವಲ 277. ಆ ಓಟು ಸರಕಾರವನ್ನು ಕಟ್ಟಿಹಾಕುವಂಥದಲ್ಲ, ಅಭಿಪ್ರಾಯಸೂಚಕ ಮಾತ್ರ. 1898ರ ಜನವರಿ 1ರಂದು ನಗರಗಳು ಕೂಡಿದುವು. ಬ್ರೂಕ್ಲಿನ್ನಿನ ಅರ್ಧ ಊರು ಮುನಿಸಿಕೊಂಡಿತ್ತೆಂಬುದಾದರೂ ಲೆಕ್ಕಕ್ಕೆ ಸಿಕ್ಕಿ ದಾಖಲೆಯಾಗಿ ಉಳಿದಿದೆ.

ಕೇಳದಿದ್ದರೆ ಜನ ಸುಮ್ಮನಿರುತ್ತಾರೆಂದೂ ಅಲ್ಲ. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರಿನ ಉಕ್ಕಿನ ಮೇಲುಸೇತುವೆಯನ್ನು 1,791 ಕೋಟಿ ರೂಪಾಯಿಗಳ ವೆಚ್ಚದಲ್ಲಿ ಕಟ್ಟುವ ಯೋಜನೆ ಹೊರಟಾಗ, ಎಂಟು ನೂರಕ್ಕೂ ಮೀರಿದ ಮರಗಳು ಉರುಳುವುವೆಂದು ತಿಳಿದು, ಆ ಅಕ್ಟೋಬರಿನಲ್ಲಿ ಸಾವಿರಾರು ಮಂದಿ ರಸ್ತೆಯ ಅಂಚಿನಲ್ಲಿ ಕೈಕೈ ಹಿಡಿದು ನಿಂತರು. ಅವರ ಫಲಕಗಳ ಮೇಲೆ ಇದ್ದ ಮಾತು "ಬೇಡ". 2017ರ ಮಾರ್ಚಿಯಲ್ಲಿ ಸರಕಾರವು ಯೋಜನೆಯನ್ನು ಕೈಬಿಟ್ಟಿತು. ಅದು ಓಟಿನ ಪೆಟ್ಟಿಗೆಯಿಲ್ಲದೆ ನಡೆದ ಓಟು. ಆದರೆ ಬಿಸಿಲಿನಲ್ಲಿ ಬಂದು ನಿಂತವರ ಓಟು ಮಾತ್ರ ಅದರಲ್ಲಿ ಎಣಿಕೆಯಾಯಿತು. ಪ್ರತಿದಿನ ಆ ದಾರಿಯಲ್ಲಿ ಎರಡು ಗಂಟೆ ಸಿಕ್ಕಿಕೊಂಡು, ಸೇತುವೆಯಾದರೆ ಸಾಕೆಂದು ಮನಸ್ಸಿನಲ್ಲಿಯೇ ಅಂದುಕೊಂಡವರು ಎಷ್ಟು ಮಂದಿಯೋ, ಅವರ ಲೆಕ್ಕವಿಲ್ಲ. ನಾವು ಆ ದಿನ ಫಲಕ ಹಿಡಿದವರ ಸಾಲಿನಲ್ಲಿದ್ದೆವು. ಆದರೂ ಈ ಮಾತನ್ನು ಹೇಳಲೇಬೇಕಾಗಿದೆ.

ಇನ್ನು 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಸದಸ್ಯರ ಅವಧಿ ಮುಗಿದ ಮೇಲೆ ಐದು ವರ್ಷಗಳಿಗೂ ಮೀರಿ ಬೆಂಗಳೂರಿಗರಿಗೆ ಹೆಸರಿಗೆ ಓಟು ಕೊಡುವ ಅವಕಾಶವೂ ಒದಗಲಿಲ್ಲ. ಹಾಗಿರುವಾಗ ಪ್ರಶ್ನೆಗೆ ಓಟು ಕೇಳುವುದು, ಅನ್ನವಿಲ್ಲದವನು ಪಾಯಸವನ್ನು ಕೇಳಿದಂತಾಯಿತೆಂದು ಯಾರಾದರೂ ನಕ್ಕರೆ ನಾವು ಕೋಪಿಸಿಕೊಳ್ಳುವುದಿಲ್ಲ. ಕಾನೂನು ಬದಲಾಗುವವರೆಗೆ ಕಾಯದೆ ಮಾಡಬಹುದಾದುದೂ ಒಂದಿದೆ. ವಾರ್ಡಿನ ಸಭೆಗೆ ಒಂದು ರಸ್ತೆಯ ಅಗಲೀಕರಣವೋ, ಒಂದು ಕಸದ ಘಟಕವೋ ಚರ್ಚೆಗೆ ಬಂದಾಗ, ಆ ನಾಲ್ಕು ತಲೆಬರಹಗಳ ಒಂದು ಹಾಳೆಯನ್ನು ಯಾರಾದರೂ ಇಬ್ಬರು ಕುಳಿತು ಬರೆಯಬಹುದು: ಈಗ ಏನಿದೆ, ಏನಾಗುತ್ತದೆ, ಒಪ್ಪಿದರೆ ಏನು, ಒಪ್ಪದಿದ್ದರೆ ಏನು, ಕೆಳಗೆ ಖರ್ಚು. ನಮ್ಮ ಬೀದಿಯ ಮಳೆನೀರಿನ ಚರಂಡಿಯ ವಿಷಯವಾಗಿ ನಾವೂ ಮಿತ್ರರೂ ಅಂಥದೊಂದನ್ನು ಬರೆಯಲು ಕುಳಿತೆವು. ಮೊದಲನೆಯ ತಲೆಬರಹದಲ್ಲಿಯೇ ಜಗಳ ಹತ್ತಿತು; ಈಗ ಏನಿದೆಯೆಂಬುದೇ ನಮ್ಮಿಬ್ಬರಿಗೂ ಸರಿಯಾಗಿ ತಿಳಿದಿರಲಿಲ್ಲ. ಮರುದಿನ ಬೆಳಗ್ಗೆ ಇಬ್ಬರೂ ಕೋಲು ಹಿಡಿದು ಚರಂಡಿಯನ್ನು ನೋಡಿಕೊಂಡು ಬಂದೆವು.

ಮಗಳು ಕೊನೆಗೆ ಏನೆಂದು ಗುರುತು ಹಾಕಿದಳೆಂಬುದನ್ನು ಮಿತ್ರರು ಇಂದಿಗೂ ಕೇಳಿಲ್ಲ, ಆಕೆಯೂ ಹೇಳಿಲ್ಲ. ಪುಸ್ತಕವು ನಮ್ಮ ಮೇಜಿನ ಮೇಲಿದೆ.